ನಡುಗುವ ಬ್ರೇಕೂ ನಮ್ಮನೆಯವರ ಕಾಲೂ

ಮನೆಗೆ ಹೊಸ ಯಂತ್ರ ಅಂತ ಒಂದು ಬಂದರೆ, ಅದಕ್ಕೂ ನಮಗೂ ಪರಿಚಯ ಆಗುವವರೆಗೆ ವಾರಕ್ಕೊಂದಾದರೂ ನಗುವಂಥದ್ದು ಆಗಿಯೇ ಆಗುತ್ತದೆ. ಗ್ಯಾಸಿನ ಒಲೆ ಬಂದಾಗ ಆಗಿತ್ತು, ಬಟ್ಟೆ ಒಗೆಯುವ ಮಶೀನು ಬಂದಾಗ ಆಗಿತ್ತು. ಆದರೆ ಕಾರು ಬಂದ ವರ್ಷ ಆದಷ್ಟು ನಮ್ಮನೆಯಲ್ಲಿ ಯಾವ ವರ್ಷವೂ ಆಗಿರಲಿಲ್ಲ.

ಮೊದಲು ನಮ್ಮನೆಯವರ ಕಾಲಿನ ವಿಷಯ ಹೇಳಬೇಕು. ಇವರು ಜೀಪು ಹೊಡೆದವರು. ನಮ್ಮೂರು ಹೆಗಡೆಕಟ್ಟಾದಿಂದ ಶಿರಸಿಗೆ, ಶಿರಸಿಯಿಂದ ಘಟ್ಟದ ಕೆಳಗೆ, ಮಳೆಗಾಲ ಬೇಸಿಗೆ ಎನ್ನದೆ ಮೂವತ್ತೈದು ವರ್ಷ. ಅಷ್ಟು ವರ್ಷದಲ್ಲಿ ಅವರ ಬಲಗಾಲಿಗೆ ಒಂದು ಪಾಠ ಬಾಯಿಪಾಠವಾಗಿ ಹೋಗಿತ್ತು. ಜಾರುವ ರಸ್ತೆಯಲ್ಲಿ ಬ್ರೇಕನ್ನು ಒಮ್ಮೆಲೇ ಅದುಮಬಾರದು. ಒತ್ತು, ಬಿಡು, ಒತ್ತು, ಬಿಡು. ಒಮ್ಮೆಲೇ ಅದುಮಿದರೆ ಗಾಲಿ ತಿರುಗುವುದು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೂ ಅದು ತನಗೆ ಬೇಕಾದ ಕಡೆಗೇ ಜಾರಿಕೊಂಡು ಹೋಗುತ್ತದೆ. ಈ ಪಾಠದಿಂದಲೇ ಇವರು ಇಷ್ಟು ವರ್ಷ ಘಟ್ಟ ಹತ್ತಿ ಇಳಿದದ್ದು. ಅದಕ್ಕೆ ನಾನು ದಿನಾ ದೀಪ ಹಚ್ಚುವಾಗ ಆ ಕಾಲಿಗೂ ಸೇರಿಸಿಯೇ ಕೈ ಮುಗಿಯುತ್ತಿದ್ದೆ.

ಜೀಪಿಗೆ ವಯಸ್ಸಾಯಿತು, ಇವರಿಗೂ ಆಯಿತು. ಜೀಪು ಹೋಯಿತು, ಕಾರು ಬಂತು. ಕಣ್ಣಿನ ಆಪರೇಷನ್ ಆದ ಮೇಲೆ ದೂರದ ದಾರಿಗೆ ನೀವು ಗಾಡಿ ಹೊಡೆಯಬೇಡಿ ಎಂದು ಡಾಕ್ಟರು ಹೇಳಿದ್ದರು. ಮಗನಿಗೆ ಸ್ಟೇರಿಂಗ್ ಹಿಡಿದರೆ ಅಂಗೈ ಬೆವರುತ್ತದೆ. ಸೊಸೆ ಗಟ್ಟಿಗಿತ್ತಿ, ಶಿರಸಿಗೆ ಹೋಗಿ ಕಲಿತು ಲೈಸೆನ್ಸ್ ಮಾಡಿಸಿಕೊಂಡು ಬಂದಳು.

ನನಗೆ ಈ ಕಾರಿನ ಮೇಲೆ ಇದ್ದದ್ದು ಒಂದೇ ಆಸೆ. ನನ್ನ ತಂಗಿ ಇಡಗುಂದಿಯಲ್ಲಿದ್ದಾಳೆ. ಸೊಂಟದ ಮೂಳೆ ಮುರಿದು, ಕೋಲು ಹಿಡಿದು ಜಗಲಿಯವರೆಗೆ ಬಂದರೆ ಅದೇ ದೊಡ್ಡದು. ನನಗೋ ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಬಗ್ಗುವುದಿಲ್ಲ. ಎರಡು ವರ್ಷವಾಗಿತ್ತು ಒಬ್ಬರನ್ನೊಬ್ಬರು ಕಂಡು. ಫೋನಿನಲ್ಲಿ ಮುಖ ಕಾಣುತ್ತದೆ ಅನ್ನುತ್ತಾರೆ. ಅವಳಿಗೆ ಫೋನು ಹಿಡಿಯಲು ಬಾರದೆ ಎರಡು ವರ್ಷದಿಂದ ನಾನು ನೋಡಿದ್ದು ಅವಳ ಮನೆಯ ಫ್ಯಾನು ಮಾತ್ರ. ಸೊಸೆ ಕಾರು ಹೊಡೆದರೆ ತಂಗಿಯನ್ನು ನೋಡುತ್ತೇನೆ, ಇಲ್ಲವಾದರೆ ಇಲ್ಲ. ವಿಷಯ ಅಷ್ಟೇ. ಅದಕ್ಕೆ ಅಡ್ಡ ಬಂದದ್ದು ಈ ಬ್ರೇಕು.

೧. ಬ್ರೇಕಿನ ಬುಡದ ಹಾವು

ಮೊದಲ ಮಳೆ ಬಿದ್ದು ರಸ್ತೆ ಹೊಳೆಯುತ್ತಿತ್ತು. ನಾವಿಬ್ಬರೂ ಶಿರಸಿ ಪೇಟೆಯಿಂದ ಬರುತ್ತಿದ್ದೆವು. ಹತ್ತಿರದ ದಾರಿ ಅಲ್ಲವೇ ಎಂದು ಇವರೇ ಗಾಡಿ ಹೊಡೆಯುತ್ತಿದ್ದರು. ಊರು ಇನ್ನೇನು ಬಂತು ಅನ್ನುವಾಗ ಬೇಲಿ ಹಾರಿ ಒಂದು ಕರು ರಸ್ತೆಗೇ ಬಂತು. ಗಾಬರಿಯಲ್ಲಿ ಇವರು ಮೂವತ್ತೈದು ವರ್ಷದ ಪಾಠ ಮರೆತು ಬ್ರೇಕನ್ನು ಒಮ್ಮೆಲೇ ಅದುಮಿಬಿಟ್ಟರು. ಅದುಮಿದ್ದೇ ತಡ, ಕೆಳಗಿನಿಂದ ಗರ್ರ್ ಗರ್ರ್ ಎಂದು ಸದ್ದು, ಇವರ ಪಾದ ಗಡಗಡ.

"ಅಯ್ಯಯ್ಯಯ್ಯೋ!" ಎಂದು ಕಾಲೆತ್ತಿ ಸೀಟಿನ ಮೇಲೇ ಇಟ್ಟುಕೊಂಡರು. ಕಾಲು ಎತ್ತಿದ ಮೇಲೆ ಗಾಡಿ ಯಾಕೆ ನಿಲ್ಲುತ್ತದೆ? ಪುಣ್ಯಕ್ಕೆ ಕರು ಆಚೆ ಹಾರಿಕೊಂಡಿತು. ನಾವು ಮೆಲ್ಲಗೆ ಹೋಗಿ ರಸ್ತೆ ಬದಿಯ ಮಣ್ಣಿನ ರಾಶಿಗೆ ಮೂತಿ ಇಟ್ಟು ನಿಂತೆವು.

"ಇಳಿಯೇ, ಇಳಿ! ಬ್ರೇಕಿನ ಬುಡದಲ್ಲಿ ಹಾವಿದ್ದು!" ಇವರು ಆಗಲೇ ಹತ್ತು ಮಾರು ಆಚೆ ನಿಂತಿದ್ದರು.

"ನಿಂಗ ಕಂಡ್ರಾ?"

"ಕಾಣಕ್ಕು ಹೇಳಿ ಎಂತ ಇದ್ದು? ಕಾಲಿಗೆ ಗೊತ್ತಾತು. ಮೈ ಕೊಡವಿತ್ತು ಮಾರಾಯ್ತಿ, ದೊಡ್ಡದೇ ಇದ್ದು!"

ನಾಲ್ಕು ಜನ ಸೇರಿದರು. ದೊಣ್ಣೆ ಬಂತು, ಕೋಲು ಬಂತು, ಕೊನೆಗೆ ಊರಿನ ಹಾವು ಹಿಡಿಯುವವನೇ ಚೀಲ ಹಿಡಿದು ಸ್ಕೂಟರಿನಲ್ಲಿ ಬಂದ. ಸೀಟಿನ ಅಡಿ, ಕಾಲೊರೆಸುವ ಹಾಸಿನ ಅಡಿ, ಡಿಕ್ಕಿ ಎಲ್ಲ ಕೆದಕಿದ. ಸಿಕ್ಕಿದ್ದು ಗಾಡಿ ಪೂಜೆಯ ಒಣಗಿದ ನಿಂಬೆಹಣ್ಣು, ನನ್ನ ಕನ್ನಡಕದ ಡಬ್ಬಿ, ಕಳೆದೇ ಹೋಯಿತೆಂದು ಮಗ ಇನ್ನೊಂದು ತಂದಿದ್ದ ಚಾರ್ಜರು. ಆಮೇಲೆ ತಾನೇ ಕೂತು ಬ್ರೇಕನ್ನು ನಾಲ್ಕು ಸಲ ಒತ್ತಿ ನೋಡಿದ. ನಿಂತ ಗಾಡಿಯಲ್ಲಿ ಅದು ಮಿಸುಕಲೂ ಇಲ್ಲ.

"ಹಾವೇ ಹೌದೋ ಮಾರಾಯಾ. ಕಾಲಡಿಗೆ ಥರಥರ ನಡುಗ್ತಾ ಕೂತಿತ್ತು" ಎಂದು ಇವರು ಆಣೆ ಹಾಕಿದರು.

ಅವನು ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೇಳಿದ: "ಯಜಮಾನ್ರೇ, ಹಾವು ಹೆದರಿದ್ರೆ ಓಡಿ ಹೋಗ್ತದೆ. ನಡುಗ್ತಾ ಒಂದೇ ಕಡೆ ಕೂರೋ ಪ್ರಾಣಿ ಮನುಷ್ಯ ಮಾತ್ರ."

೨. ಹೇಳಿಕೊಳ್ಳದ ಜೀಪು

ಮರುದಿನವೇ ಗಾಡಿ ಶಿರಸಿಯ ಗ್ಯಾರೇಜಿಗೆ ಹೋಯಿತು. ಹಾವೇರಿ ಕಡೆಯ ಮೆಕ್ಯಾನಿಕ್, ಒಳ್ಳೆಯ ಮನುಷ್ಯ. ನಮ್ಮ ಜೀಪಿನ ಸೇವೆ ಮಾಡಿಯೇ ಅವನ ಗಡ್ಡ ಬೆಳ್ಳಗಾದದ್ದು. ನಾನೂ ಜೊತೆಗೆ ಹೋಗಿ ಟಯರಿನ ಮೇಲೆ ಕೂತಿದ್ದೆ, ತಂಗಿಯನ್ನು ನೋಡುವುದು ಇವನ ಬಾಯಲ್ಲಿ ಬರುವ ಮಾತಿನ ಮೇಲೆ ನಿಂತಿದೆಯಲ್ಲ ಅಂತ.

"ಬ್ರೇಕ್ ಕೆಟ್ಟಿದ್ದು. ನಡುಗುತ್ತು. ರಿಪೇರಿ ಮಾಡು" ಎಂದರು ಇವರು.

ಅವನು ಗಾಡಿ ತಿರುಗಾಡಿಸಿಕೊಂಡು ಬಂದು ಕೈ ಒರೆಸಿಕೊಂಡ. "ಕೆಟ್ಟಿಲ್ರಿ ಯಜಮಾನ್ರ. ಇದು ಎಬಿಎಸ್ ಅಂತ. ಗಾಲಿ ಹಿಡಕೊಂಡು ಜಾರಬಾರ್ದು ಅಂತ ಅದ ತಾನ ಬ್ರೇಕ್ ಬಿಟ್ಟು ಹಿಡದು, ಬಿಟ್ಟು ಹಿಡದು ಮಾಡತೈತ್ರಿ. ನೀವು ಜೀಪಿನ್ಯಾಗ ಕಾಲಿಲೆ ಮಾಡ್ತಿದ್ರಲ್ಲ, ಅದನ್ನ. ನೀವು ಒಂದ ಸಲ ಒತ್ತೋದ್ರಾಗ ಅದು ಹತ್ತಾರು ಸಲ ಮಾಡತೈತಿ. ಅದಕ್ಕ ಕಾಲಿಗೆ ಗಡಗಡ ಅನ್ನಸ್ತೈತಿ, ಸಪ್ಪಳಾನೂ ಬರತೈತಿ. ನೀವು ಮಾಡೋದು ಒಂದ. ಗಟ್ಟಿ ಒತ್ತಿ ಹಿಡೀರಿ, ಬಿಡಬ್ಯಾಡ್ರಿ. ಒತ್ತಿಕೊಂಡ ಸ್ಟೇರಿಂಗ್ ತಿರುಗಸ್ರಿ, ಹೇಳಿದ ಕಡೆ ತಿರಗತೈತಿ."

ನನಗೆ ಅಲ್ಲೇ ತಲೆಗೆ ಹೋಯಿತು. ಹಾವಸೆ ಹಿಡಿದ ಅಂಗಳದಲ್ಲಿ ನಾವು ನಡೆಯುವುದಿಲ್ಲವೇ? ಜಾರಿತು ಎಂದು ಎರಡೂ ಕಾಲು ಗಟ್ಟಿ ಊರಿದರೆ ಸೊಂಟ ಮುರಿಯುತ್ತದೆ. ಚಿಕ್ಕ ಚಿಕ್ಕ ಹೆಜ್ಜೆ, ಊರಿದಂತೆಯೂ ಬಿಟ್ಟಂತೆಯೂ, ಪಟಪಟ ಇಟ್ಟರೆ ಬಚಾವು. ಗಾಲಿಗೂ ಹಾಗೇ ನಡೆಯಲು ಯಾರೋ ಕಲಿಸಿದ್ದಾರೆ, ಅಷ್ಟೇ.

ಇವರಿಗೆ ಹೋಗಲಿಲ್ಲ. "ಬ್ರೇಕ್ ಬಿಡದು, ಹಿಡಿಯದು ನನ್ನ ಕಾಲಿನ ಕೆಲಸ. ಅದಕ್ಕೆ ಯಾರು ಹೇಳಿದ್ದು?"

"ನಿಮ್ಮ ಕಾಲಿಗೆ ಸಹಾಯ ಮಾಡಾಕ್ಹತ್ತೈತ್ರಿ. ನಡುಗೋದು ಯಾಕಂದ್ರ, 'ನಾ ಕೆಲಸ ಮಾಡಾಕ್ಹತ್ತೀನಿ, ನೀವು ಸುಮ್ನ ಹಿಡಕೊಂಡ್ರ ಸಾಕು' ಅಂತ ನಿಮಗ ಹೇಳತೈತಿ ಅಂತ ತಿಳಕೋರಿ."

ಇವರು ಮುಖ ಗಂಟು ಹಾಕಿಕೊಂಡು ಹೇಳಿದರು: "ನನ್ನ ಜೀಪು ಮೂವತ್ತೈದು ವರ್ಷ ಕೆಲಸ ಮಾಡಿತ್ತು. ಒಂದು ದಿನ ಹಿಂಗೆ ಹೇಳ್ಕಂಡು ತಿರುಗಿದ್ದಿಲ್ಲೆ."

೩. ಮುಚ್ಚಳ ಹಿಡಿಯುವ ಪಾಠ

ಮನೆಗೆ ಬಂದವರೇ ಇವರು ಸೊಸೆಯನ್ನು ಕರೆದು ತೀರ್ಪು ಕೊಟ್ಟರು. "ಕೂಸೇ, ನನ್ನ ಕಾಲಿಗೇ ಅರ್ಥ ಆಗದ ಬ್ರೇಕು ನಿನ್ನ ಕಾಲಿಗೆ ಕೊಡ್ತ್ನಿಲ್ಲೆ. ನಿನಗೆ ಎಂತಾದ್ರೂ ಆದ್ರೆ ನಿನ್ನ ಅಪ್ಪನ ಮನೆಯವಕ್ಕೆ ಆನು ಎಂತ ಹೇಳಲಿ?" ಹಾಗೆಂದು ಕಾರಿನ ಕೀಯನ್ನು ಜನಿವಾರಕ್ಕೆ ಗಂಟು ಹಾಕಿಕೊಂಡರು.

ಸಿಟ್ಟು ಮಾಡುವಂತೆಯೂ ಇಲ್ಲ, ಹೇಳಿದ್ದು ಪ್ರೀತಿಯಿಂದ. ಸೊಸೆ ಕಣ್ಣಲ್ಲಿ ನೀರು ತಂದುಕೊಂಡಳು, ನಾನು ಬೆನ್ನು ತಿರುಗಿಸಿ ತಂದುಕೊಂಡೆ. ಆ ಕೀಯಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಅಂಗಳದಲ್ಲಿ ನಿಂತ ಕಾರು ಕುಂಯ್ ಎನ್ನುತ್ತದೆ. ಇವರು ಸಂಧ್ಯಾವಂದನೆಗೆ ಬಗ್ಗಿದಾಗಲೆಲ್ಲ ಹೊಟ್ಟೆಗೆ ಒತ್ತಿ, ಒಂದೊಂದು ಅರ್ಘ್ಯಕ್ಕೂ ಕಾರು ಕುಂಯ್ ಅನ್ನತೊಡಗಿತು. ಮನೆಯಲ್ಲಿ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ, ಆದರೂ ನಕ್ಕೆವು.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಾರಿನ ಯಂತ್ರ ಗೊತ್ತಿಲ್ಲ, ಮಿಕ್ಸಿ ಗೊತ್ತು. ಮಾರನೇ ದಿನ ಬೆಳಿಗ್ಗೆ ದೋಸೆಗೆ ಕಾಯಿಚಟ್ನಿ ರುಬ್ಬುವಾಗ ಇವರನ್ನು ಅಡುಗೆಮನೆಗೆ ಕರೆದೆ.

"ಸ್ವಲ್ಪ ಈ ಮುಚ್ಚಳ ಹಿಡ್ಕಳ್ಳಿ. ನಂಗೆ ಇಲ್ಲಿ ಕಾವಲಿ ಮೇಲೆ ದೋಸೆ ಸುಡ್ತಾ ಇದ್ದು."

"ಎಂತಕ್ಕೆ? ಅದು ತಾನೇ ನಿತ್ಗತ್ತಿಲ್ಯಾ?"

"ಇಲ್ಲೆ. ಅಂಗೈ ಇಟ್ಟು ಗಟ್ಟಿ ಒತ್ತಿ ಹಿಡಿಯವು."

ಹಿಡಿದರು. ಸೊಸೆ ಸ್ವಿಚ್ ತಿರುಗಿಸಿದಳು. ಗರ್ರ್ ಎಂದು ಶುರುವಾಗಿ ಇವರ ಅಂಗೈಯಿಂದ ಮೊಣಕೈವರೆಗೆ ನಡುಗಿದ್ದೇ, "ಅಯ್ಯಯ್ಯೋ!" ಎಂದು ಕೈ ಎತ್ತಿಬಿಟ್ಟರು. ಮುಚ್ಚಳ ಹಾರಿ ತೊಲೆಗೆ ಬಡಿಯಿತು. ಚಟ್ನಿ ಗೋಡೆಗೆ, ಕ್ಯಾಲೆಂಡರಿಗೆ, ಇವರ ಕನ್ನಡಕಕ್ಕೆ, ಮೂಗಿಗೆ. ಸೊಸೆ ಸ್ವಿಚ್ ನಿಲ್ಲಿಸಿ ಸೆರಗಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು.

ನಾನು ಸಟ್ಟುಗ ಹಿಡಿದೇ ಕೇಳಿದೆ: "ಈಗ ಹೇಳಿ. ನಡುಗಿದ್ದು ಮಿಕ್ಸಿಯ ತಪ್ಪಾ, ಬಿಟ್ಟದ್ದು ಕೈಯ ತಪ್ಪಾ? ಕರು ಬಂದಾಗ ನಿಂಗ ಕಾಲಲ್ಲಿ ಮಾಡಿದ್ದೂ ಇದೇ ಅಲ್ದಾ?"

ಇವರು ಕನ್ನಡಕ ತೆಗೆದು ಮೆಲ್ಲಗೆ ಒರೆಸಿಕೊಂಡರು. ವಿಷಯ ಮನಸ್ಸಿಗೆ ತಾಗಿತು ಎಂದು ನನಗೆ ಖುಷಿಯಾಯಿತು. ಮೂಗಿನ ಮೇಲಿದ್ದ ಚಟ್ನಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡು ಯೋಚಿಸಿ ಹೇಳಿದರು: "ಉಪ್ಪು ಕಮ್ಮಿ ಆಯ್ದು."

೪. ಹದಿನಾಲ್ಕನೇ ಸೈಟು

ಆದರೂ ಏನೋ ಸ್ವಲ್ಪ ತಾಗಿತ್ತು. ಒಂದು ವಾರ ಬಿಟ್ಟು, "ಅವಳು ಖಾಲಿ ಜಾಗದಲ್ಲಿ ಮಾಡಿ ತೋರಿಸಲಿ ನೋಡನ" ಎಂದರು.

ಶಿರಸಿಯ ಹೊರಗೆ ಒಂದು ಹೊಸ ಬಡಾವಣೆ. ಡಾಂಬರು ರಸ್ತೆ ಆಗಿದೆ, ಮನೆ ಒಂದೂ ಎದ್ದಿಲ್ಲ. ಸಾಲಾಗಿ ನಂಬರು ಬರೆದ ಕಲ್ಲುಗಳು ಮಾತ್ರ. ಮಳೆ ಬಂದು ನಿಂತ ಬೆಳಿಗ್ಗೆ ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಹೋದೆವು. ಅವನು ಸೊಸೆಯ ಪಕ್ಕ, ನಾನು ಹಿಂದೆ. ಇವರು ಕೊಡೆ ಹಿಡಿದು ಮರದ ಬುಡದಲ್ಲಿ, ತಮ್ಮ ಕಾಲನ್ನು ತಾವೇ ಎತ್ತಿ ಇಳಿಸುತ್ತ ನಿಂತರು.

"ಅಕ್ಕಾರ, ನಲವತ್ತಕ್ಕ ಬರ್ರಿ. ನಾ 'ಹೂಂ' ಅಂದ ಕೂಡ್ಲೆ ಪೂರಾ ಒತ್ರಿ. ನಡುಗಲಿ, ಒದರಲಿ, ಏನರ ಮಾಡಲಿ, ಗಾಡಿ ನಿಲ್ಲೂತನಾ ಕಾಲು ಎತ್ತಬ್ಯಾಡ್ರಿ" ಎಂದ ಮೆಕ್ಯಾನಿಕ್. "ಮತ್ತ ಇದೊಂದು ತಲ್ಯಾಗ ಇಟ್ಕೋರಿ. ಇದು ಐತಿ ಅಂತ ಜೋರು ಹೊಡಿಯೋದಲ್ಲ. ಉದುರು ಜಲ್ಲಿ ಇದ್ದಲ್ಲಿ ಇದೂ ಒಂಚೂರು ಮುಂದ ಹೋಗೇ ನಿಲ್ಲತೈತಿ."

ಮೊದಲ ಸಲ ಸೊಸೆ ನಡುಗಿದ್ದೇ ಕಾಲೆತ್ತಿದಳು. ಎರಡನೇ ಸಲ ಅರ್ಧ ಎತ್ತಿದಳು. ಮೂರನೇ ಸಲ ನಾನು ಹಿಂದಿನಿಂದ, "ಮುಚ್ಚಳ! ಮುಚ್ಚಳ! ಬಿಡಡ!" ಎಂದು ಕೂಗಿದೆ. ಹಲ್ಲು ಕಚ್ಚಿ ಹಿಡಿದಳು. ಗರ್ರ್ ಎಂದಿತು, ನೆಟ್ಟಗೆ ಹೋಗಿ ನಿಂತಿತು. ಆಮೇಲೆ ಧೈರ್ಯ ಬಂದು ಮತ್ತೆ ಮತ್ತೆ ಮಾಡಿದಳು. ಪ್ರತಿ ಸಲ ಗಾಡಿ ಬಂದು ನಿಲ್ಲುವುದು ಹದಿನಾಲ್ಕನೇ ನಂಬರಿನ ಕಲ್ಲಿನ ಮುಂದೆ.

ಬಡಾವಣೆ ಕಾಯುವವನು ದೂರದಿಂದ ಇದನ್ನೆಲ್ಲ ನೋಡುತ್ತಿದ್ದ. ಓಡಿ ಬಂದು ನನ್ನ ಕಿಟಕಿಗೆ ಬಗ್ಗಿ ಗುಟ್ಟಿನಲ್ಲಿ ಹೇಳಿದ: "ಅಮ್ಮಾ, ನಿಮ್ಮನ್ನ ನೋಡಿದ್ರೆ ನನ್ನ ತಾಯಿ ನೆನಪಾಗ್ತದೆ, ಅದಕ್ಕೆ ಹೇಳ್ತೇನೆ. ಹದಿನಾಲ್ಕು ಬೇಡ. ಹಿಂದೆ ಹಳ್ಳ ಉಂಟು, ಮಳೆಗಾಲದಲ್ಲಿ ನೀರು ನುಗ್ತದೆ. ಹದಿನೈದು ತಗೊಳ್ಳಿ."

"ನಾವು ಸೈಟ್ ನೋಡಲಿಕ್ಕೆ ಬಂದದ್ದಲ್ಲಪ್ಪಾ. ಬ್ರೇಕ್ ನೋಡಲಿಕ್ಕೆ ಬಂದದ್ದು."

ಅವನು ನಂಬುತ್ತಾನೆಯೇ? ಕೊಡೆ ಹಿಡಿದು ನಿಂತ ಇವರನ್ನೊಮ್ಮೆ ನೋಡಿ, ಕಣ್ಣು ಮಿಟುಕಿಸಿ, "ಮುಚ್ಚಿಡಬೇಡಿ ಅಮ್ಮಾ" ಎಂದ. "ಒಂಬತ್ತು ಸಲ ಅದರ ಮುಂದೇ ಬಂದು ನಿಂತ್ರಿ. ಹೆಣ್ಣು ನೋಡ್ಲಿಕ್ಕೆ ಬಂದವರೂ ಇಷ್ಟು ಸಲ ತಿರುಗಿ ಬರೋದಿಲ್ಲ."

೫. ಆರದ ದೀಪ

ಇಷ್ಟಾದರೂ ಕೀ ಜನಿವಾರದಿಂದ ಇಳಿಯಲಿಲ್ಲ. "ಖಾಲಿ ರಸ್ತೆಯಲ್ಲಿ ಎಲ್ಲರೂ ಶೂರರೇ" ಎಂದರು ಇವರು.

ಆ ತಿಂಗಳಲ್ಲೇ ಸಿದ್ದಾಪುರದ ನೆಂಟರ ಮನೆಯಲ್ಲಿ ಉಪನಯನ. ಸೊಸೆಗೆ ಜ್ವರ. ಡಾಕ್ಟರ ಮಾತು ಗಾಳಿಗೆ ಬಿಟ್ಟು ಇವರೇ ಹೊರಟರು, ನಾನು ಪಕ್ಕದಲ್ಲಿ. ಹೋಗುವಾಗ ಒಂದು ಕಡೆ ರಸ್ತೆ ಅಗೆದು ಹಾಕಿದ್ದರು. ಕೆಸರಿನಲ್ಲಿ ಇಳಿದು ಹತ್ತಿ ಗಾಡಿಗೆ ಮಣ್ಣಿನ ಸ್ನಾನವಾಯಿತು. ಅಲ್ಲಿಂದ ಮುಂದೆ ಸ್ಟೇರಿಂಗಿನ ಎದುರು ಒಂದು ಹಳದಿ ದೀಪ ಹತ್ತಿಕೊಂಡಿತು. ಗಾಡಿ ಶುರು ಮಾಡುವಾಗ ಅದು ದಿನಾ ಹತ್ತುತ್ತದೆ, ಹತ್ತಿ ಆರುತ್ತದೆ. ಇವತ್ತು ಆರಲಿಲ್ಲ.

ಇವರು ದೀಪಕ್ಕೆ ಲಕ್ಷ್ಯ ಕೊಡಲಿಲ್ಲ. ತಿರುವಿನಲ್ಲೊಮ್ಮೆ ಬ್ರೇಕು ಜೋರಾಗಿ ಒತ್ತಿ ನೋಡಿದರು. ನಡುಗಲಿಲ್ಲ, ಗರ್ರ್ ಎನ್ನಲೂ ಇಲ್ಲ. ಮುಖ ಅರಳಿತು.

"ಕೇಳಿದ್ಯನೇ? ತನ್ನಷ್ಟಕ್ಕೇ ಸಮಾ ಆತು ನೋಡು! ಆನು ಹೇಳ್ತಿದ್ದಿಲ್ಯಾ, ಅದಕ್ಕೆ ಎಂತೋ ತೊಂದರೆ ಇತ್ತು ಹೇಳಿ."

ಉಪನಯನದ ಮನೆಯಲ್ಲಿ ಊಟದ ಪಂಕ್ತಿಯ ಉದ್ದಕ್ಕೂ ಗಾಡಿ ರಿಪೇರಿಯಾದ ಸುದ್ದಿ ಹೇಳಿದರು. ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡರು.

ಬರುವಾಗ ಜಿಟಿಜಿಟಿ ಮಳೆ. ಇಳಿಜಾರಿನಲ್ಲಿ ನಮ್ಮ ಮುಂದೆ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ಇವರು ಬ್ರೇಕು ಅದುಮಿದರು. ಗಾಡಿ ನಿಲ್ಲಲಿಲ್ಲ. ಸದ್ದಿಲ್ಲದೆ, ಬೆಣ್ಣೆಯ ಮೇಲೆ ಬಿಟ್ಟ ಹಾಗೆ, ಓರೆಯಾಗಿ ಬಸ್ಸಿನ ಕಡೆಗೇ ಜಾರಿತು. ಇವರು ಸ್ಟೇರಿಂಗ್ ಪೂರಾ ತಿರುಗಿಸಿದರೂ ಗಾಡಿಗೆ ಕೇಳಿಸಲೇ ಇಲ್ಲ. ನಾನು ಕಣ್ಣು ಮುಚ್ಚಿದೆ. ಆಗ ಇವರ ಹಳೆಯ ಕಾಲು ಎಚ್ಚರವಾಯಿತು: ಒತ್ತು, ಬಿಡು, ಒತ್ತು, ಬಿಡು. ಕಣ್ಣು ತೆರೆದಾಗ ಗಾಡಿ ನಿಂತಿತ್ತು, ಬಸ್ಸಿನ ಹಿಂದಿನ ಅಕ್ಷರಗಳು ಓದು ಬಾರದ ನನಗೂ ಓದುವಷ್ಟು ಹತ್ತಿರ ಕಾಣುತ್ತಿದ್ದವು.

ಮರುದಿನ ಮೆಕ್ಯಾನಿಕ್ ಗಾಲಿಯ ಹತ್ತಿರ ಬಗ್ಗಿ ನೋಡಿ ನಕ್ಕ. "ಗಾಲಿ ತಿರುಗೋದು ನೋಡೋ ಸೆನ್ಸರಿಗೆ ಕೆಸರು ಹತ್ತೇತ್ರಿ. ಅದಕ್ಕ ಆ ದೀಪ ಹತ್ತಿತ್ತು. ಬರೇ ಬ್ರೇಕ್ ಇತ್ತು, ಎಬಿಎಸ್ ಇರಲಿಲ್ಲ. ನಿನ್ನೆ ನಿಮ್ಮ ಗಾಡಿ ನಿಮ್ಮ ಹಳೇ ಜೀಪ್ ಆಗಿತ್ತು ಅಂತ ತಿಳಕೋರಿ." ಬ್ರಶ್ ಕೈಗೆ ತೆಗೆದುಕೊಂಡು ಚೇಷ್ಟೆಗೆ ಕೇಳಿದ: "ಮತ್ತ ಹೇಳ್ರಿ ಯಜಮಾನ್ರ, ಒರಸ್ಲೋ ಹಂಗ ಬಿಡ್ಲೋ? ನಡುಗೋದು ಬೇಕೋ ಬ್ಯಾಡೋ?"

"ಬೇಕೋ ಮಾರಾಯಾ, ಒರೆಸು" ಎಂದರು ಇವರು. "ಅದು ನಡುಗದಿದ್ರೆ ನಾನು ನಡುಗಬೇಕಾಗ್ತು."

೬. ತೊಡದೇವಿನ ಕಾವಲು

ಗ್ಯಾರೇಜಿನಿಂದ ಬಂದವರೇ ಜನಿವಾರದ ಗಂಟು ಬಿಚ್ಚಿ ಕೀಯನ್ನು ಸೊಸೆಯ ಕೈಯಲ್ಲಿಟ್ಟರು. "ಇಡಗುಂದಿಗೆ ಹೋಪನ. ಆನು ಪಕ್ಕಕ್ಕೆ ಕೂತ್ಗತ್ತೆ. ಆನು ಹೇಳಿದಾಂಗೆ ಹೊಡೆಯವು."

ನಾನು ಹೊರಡುವವರೆಗಿನ ಎರಡು ದಿನ ನೆಲದ ಮೇಲೆ ನಡೆದವಳಲ್ಲ. ತಂಗಿಗೆ ತೊಡದೇವು ಅಂದರೆ ಜೀವ. ತೊಡದೇವು ಗೊತ್ತಲ್ಲ? ಕಬ್ಬಿನ ಹಾಲಲ್ಲಿ ಅಕ್ಕಿಹಿಟ್ಟು ಕಲಸಿ, ಕವುಚಿಟ್ಟ ಬಿಸಿ ಮಡಿಕೆಯ ಮೇಲೆ ಬಟ್ಟೆಯಲ್ಲಿ ಬಳಿದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ಮಡಚುವುದು. ನಮ್ಮಲ್ಲಿ ಈಗ ಬೆಲ್ಲದಲ್ಲೂ ಮಾಡುತ್ತಾರೆ. ಉಸಿರು ಬಿಟ್ಟರೆ ಮುರಿಯುವಂಥದ್ದು. ಬೆಂಕಿಯ ಮುಂದೆ ಕೂತು ನಲವತ್ತು ಎಬ್ಬಿಸಿದೆ. ಡಬ್ಬಿಗೆ ಹಿಡಿಸದೆ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಹಾಸಿ ಜೋಡಿಸಿದೆ.

ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಳ್ಳಲು ಹೋದರೆ ಇವರು ಬ್ಯಾಡ ಎಂದರು. "ಕೂಸು ಒಂದು ಬ್ರೇಕ್ ಹಾಕಿದ್ರೆ ನಿನ್ನ ತೊಡೆಯಿಂದ ಹಾರಿ ಪುಡಿಪುಡಿ ಆಗ್ತು. ಇಲ್ಲಿ ಕೊಡು, ನನ್ನ ಕಾಲ ಬುಡಕ್ಕೆ ಇಟ್ಕತ್ತೆ. ಎರಡು ಪಾದದ ನಡುವೆ ಭದ್ರ ಹಿಡ್ಕತ್ತೆ. ತೊಡದೇವಿನ ಜವಾಬ್ದಾರಿ ನಂದು."

ಹೊರಟೆವು. ಶಿರಸಿ ದಾಟಿತು, ಸೋಂದಾ ಕ್ರಾಸು ದಾಟಿತು. ದಾರಿಯುದ್ದಕ್ಕೂ ಇವರ ಬಾಯಿ ನಿಲ್ಲಲಿಲ್ಲ. "ಮೆಲ್ಲ. ಹಾರ್ನ್ ಹಾಕು. ಗೇರ್ ಇಳಿಸು. ಆ ಮುದುಕ ರಸ್ತೆ ದಾಟ್ತ, ನೋಡ್ಕ." ಸೊಸೆ ಎಲ್ಲದಕ್ಕೂ "ಹೂಂ ಮಾವಾ" ಎನ್ನುತ್ತಿದ್ದಳು. ಮದುವೆಯಾಗಿ ಬಂದಲ್ಲಿಂದ ಅವಳು ಮಾವನ ಮಾತಿಗೆ ಒಂದು ದಿನ ಎದುರು ಹೇಳಿದವಳಲ್ಲ. ಯಲ್ಲಾಪುರದಲ್ಲಿ ಚಹಾ ಕುಡಿದು ಮುಂದೆ ಹೊರಟಾಗ ಸಣ್ಣ ಮಳೆ ಶುರುವಾಯಿತು.

ಇಡಗುಂದಿ ಹತ್ತಿರ ಒಂದು ತಿರುವು. ತಿರುಗಿದ್ದೇ, ರಸ್ತೆಯ ನಟ್ಟನಡುವೆ ಒಂದು ಹಸು ಕಾಲು ಮಡಚಿ ಮಲಗಿತ್ತು, ತನ್ನ ಮನೆಯ ಜಗಲಿಯೇ ಎನ್ನುವ ಹಾಗೆ.

ಸೊಸೆ ಬ್ರೇಕು ಅದುಮಿದಳು. ಗರ್ರ್ ಎಂದಿತು. ಆ ಗಳಿಗೆಯಲ್ಲಿ ಇವರ ತಲೆಯಿಂದ ಮೆಕ್ಯಾನಿಕ್, ಮಿಕ್ಸಿ, ಬಸ್ಸು ಎಲ್ಲ ಹಾರಿಹೋಗಿ ಮೂವತ್ತೈದು ವರ್ಷದ ಜೀಪೊಂದೇ ಉಳಿಯಿತು. ಕೂತಲ್ಲೇ ಎದ್ದುಬಿದ್ದು, "ಬಿಡು! ಒತ್ತು! ಬಿಡು! ಒತ್ತು! ಬಿಡೇ ಕೂಸೇ, ಬಿಡು!" ಎಂದು ಕೂಗತೊಡಗಿದರು.

ಇವಳು ಮಾವನ ಮಾತು ಕೇಳಿಬಿಟ್ಟರೆ? ಹಸುವಿನ ಗತಿ, ನಮ್ಮ ಗತಿ?

ಅವಳು ಕೇಳಲಿಲ್ಲ. ಹಲ್ಲು ಕಚ್ಚಿ ಕಾಲನ್ನು ಒತ್ತಿ ಹಿಡಿದೇ ಇದ್ದಳು, ಒತ್ತಿಕೊಂಡೇ ಸ್ಟೇರಿಂಗ್ ಎಡಕ್ಕೆ ತಿರುಗಿಸಿದಳು. ಗಾಡಿ ಹೇಳಿದ ಕಡೆ ತಿರುಗಿ, ಹಸುವಿನ ಬಾಲದಿಂದ ಒಂದು ಮೊಳ ಆಚೆ ಬಂದು ನಿಂತಿತು. ಹಸು ಕತ್ತು ಕೂಡ ಹೊರಳಿಸಲಿಲ್ಲ. ಮೆಲುಕು ಹಾಕುತ್ತಲೇ ಇತ್ತು.

ಸೊಸೆ ಹ್ಯಾಂಡ್ ಬ್ರೇಕ್ ಎಳೆದು ಇವರ ಕಡೆ ತಿರುಗಿದಳು. "ಮಾವಾ, ನಿಂಗ ಹೇಳಿದ್ದು ಕೇಳಿದ್ನಿಲ್ಲೆ. ಬೈಯಡಿ" ಎಂದಳು, ಅಳುವ ದನಿಯಲ್ಲಿ.

ಇವರು ಉಸಿರು ಎಳೆದುಕೊಂಡು, ಅವಳ ತಲೆಯ ಮೇಲೆ ಕೈ ಇಟ್ಟರು. "ಕೇಳದೇ ಇದ್ದದ್ದೇ ಒಳ್ಳೇದಾತು ಕೂಸೇ."

ತಂಗಿ ಕೋಲು ಹಿಡಿದು ಜಗಲಿಯ ತುದಿಗೇ ಬಂದು ನಿಂತಿದ್ದಳು. ಇಬ್ಬರಿಗೂ ಓಡಲಾಗದು, ನಾನು ಅಂಗಳದಿಂದ, ಅವಳು ಜಗಲಿಯಿಂದ, ಒಂದೊಂದೇ ಹೆಜ್ಜೆ ಇಟ್ಟು ಅಂತೂ ಮಧ್ಯದ ಮೆಟ್ಟಿಲಲ್ಲಿ ಸಿಕ್ಕೆವು. "ಬಡವಾಗಿ ಹೋದ್ಯಲೇ ಅಕ್ಕಾ" ಎಂದಳು. "ನಿನ್ನ ಫ್ಯಾನ್ ನೋಡಿ ನೋಡಿ ಬಡವಾದದ್ದು" ಎಂದೆ. ಇಬ್ಬರೂ ಸ್ವಲ್ಪ ಅತ್ತು, ಮೂಗು ಒರೆಸಿಕೊಂಡು ಒಳಗೆ ಕೂತೆವು.

ತೊಡದೇವಿನ ನೆನಪಾಯಿತು. ಇವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ತಂಗಿಯ ಮುಂದಿಟ್ಟರು. ಯಾಕೋ ಮುಖ ಆಚೆ ತಿರುಗಿಸಿಕೊಂಡಿದ್ದರು. ಒಳಕ್ಕೆ ತಗ್ಗಿ ಹೋಗಿದ್ದ ಮುಚ್ಚಳ ತೆಗೆದೆ. ಒಳಗೆ ಒಂದೂ ತೊಡದೇವಿಲ್ಲ. ಸಣ್ಣ ರವೆಯ ಹಾಗೆ ಪುಡಿ, ಮತ್ತು ಪುಡಿಯ ನಡುವೆ ಇವರ ಬಲಗಾಲಿನ ಹಿಮ್ಮಡಿ ಅಚ್ಚಿಳಿದು ಕೂತಿತ್ತು. ಕಾರು ಒಂದೇ ಸಲ ಬ್ರೇಕು ಹಿಡಿದು ನಿಂತಿತ್ತು. ಇವರು ಮಾತ್ರ ಬಿಡು ಒತ್ತು, ಬಿಡು ಒತ್ತು ಎಂದು ಇಪ್ಪತ್ತು ಸಲ ತುಳಿದಿದ್ದರು, ನನ್ನ ತೊಡದೇವನ್ನು.

ನನಗೆ ಅಳು ಬರುವುದರಲ್ಲಿತ್ತು. "ಇದು ಹ್ಯಾಂಗೆ ಆತು ಭಾವಾ? ಗಾಡಿ ಯಾರು ಹೊಡೆದದ್ದು?" ಎಂದು ಕೇಳಿದಳು ತಂಗಿ.

ಇವರು ಕೆಮ್ಮಿ, ಶಾಲು ಸರಿ ಮಾಡಿಕೊಂಡು, ಸತ್ಯವನ್ನೇ ಹೇಳಿದರು: "ಹೊಡೆದದ್ದು ಕೂಸು. ಬ್ರೇಕ್ ಇಬ್ಬರೂ ಹಾಕಿದ್ಯ. ಅವಳು ಗಾಡಿಗೆ ಹಾಕಿದ್ದು, ಆನು ತೊಡದೇವಿಗೆ."

ತಂಗಿ ಒಂದು ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡು ಬೊಚ್ಚುಬಾಯಲ್ಲಿ ಚಪ್ಪರಿಸಿದಳು. "ಹಲ್ಲಿಲ್ಲದವಳಿಗೆ ಇದೇ ಅನುಕೂಲ ಆತು, ಬಿಡು" ಎಂದಳು. ಆಮೇಲೆ ಸೊಸೆಯ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು: "ಕೂಸೇ, ಇನ್ನು ತಿಂಗಳಿಗೊಂದು ಸಲ ಅಕ್ಕನ ಕರ್ಕೊಂಡು ಬಾ. ಭಾವನ ಕೂಡಾ ಕರ್ಕೊಂಡು ಬಾ, ಬಿಟ್ಟಿಕ್ಕಿ ಬರಡ. ಅವನ ಕಾಲ ಬುಡದಲ್ಲಿ ಒಂದು ಚೀಲ ಒಣಮೆಣಸು ಇಡು. ಯಲ್ಲಾಪುರಕ್ಕೆ ಹೋಗಿ ಪುಡಿ ಮಾಡಿಸ್ಕ ಬಪ್ಪದು ನಂಗೆ ತಪ್ತು."